ವಿಜಯಪುರದ ಬಿಸಿಲಲ್ಲಿ ಮಕ್ಕಳ ಜೊತೆ ಚಾಕಲೇಟ್ ಮಾಡೋದು ಹೇಗೆ?

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾವಿರೋದು ವಿಜಯಪುರದಲ್ಲಿ. ಸೂಟಿ ಶುರುವಾಗಿದೆ. ಹತ್ತು ವರ್ಷದ ಮಗಳು, ಆರು ವರ್ಷದ ಮಗ, ಜೊತೆಗೆ ನಾದಿನಿಯ ಇಬ್ಬರು ಮಕ್ಕಳು ಮನೆಯಲ್ಲಿದ್ದಾರೆ. ಅಚ್ಚಿನ ಚಾಕಲೇಟ್ ಮಾಡೋಣ ಅಂತ ಹಟ ಹಿಡಿದಿದ್ದಾರೆ. ಮೊದಲ ಸಲ ಅಂಗಡಿಯ ಹಾಲು ಚಾಕಲೇಟ್ ಬಾರುಗಳನ್ನೇ ಬಿಸಿನೀರಿನ ಮೇಲೆ ಬಟ್ಟಲಲ್ಲಿಟ್ಟು, ಮೇಲೆ ತಟ್ಟೆ ಮುಚ್ಚಿ ಕರಗಿಸಿದೆ. ಕಲಕುತ್ತಿದ್ದ ಹಾಗೇ ಗಟ್ಟಿ ಮುದ್ದೆಯಾಯಿತು. ಎರಡನೇ ಸಲ ಚೆನ್ನಾಗಿ ಕರಗಿತು, ಆದರೆ ಆನ್‌ಲೈನಲ್ಲಿ ತರಿಸಿದ ಗಟ್ಟಿ ಪ್ಲಾಸ್ಟಿಕ್ ಅಚ್ಚಿನಿಂದ ಬಿಡಲೇ ಇಲ್ಲ. ಚಾಕುವಿನಿಂದ ತೆಗೆದದ್ದೂ ಮರುದಿನಕ್ಕೆ ಬೂದಿ ಬಡಿದ ಹಾಗೆ ಬೆಳ್ಳಗಾಗಿತ್ತು, ಕೈಗೆ ಹಿಡಿದರೆ ಅಂಟುತ್ತಿತ್ತು. ಎಲ್ಲಿ ತಪ್ಪುತ್ತಿದೆ? ಯಾವ ಚಾಕಲೇಟ್ ತರಬೇಕು? ಬಿಸ್ಕೀಟು, ಒಣದ್ರಾಕ್ಷಿ ಅದ್ದುವುದು ಹೇಗೆ? ಮಾಡಿದ್ದನ್ನು ಬಾಗಲಕೋಟೆಯಲ್ಲಿರುವ ನಮ್ಮ ಅವ್ವನಿಗೆ ಬಸ್ಸಿನಲ್ಲಿ ಕಳಿಸಬಹುದಾ?

ಉತ್ತರ: ಬಟ್ಟಲಿನ ಮೇಲೆ ತಟ್ಟೆ ಮುಚ್ಚಿದ್ದೆ ಅಂತ ಬರೆದಿದ್ದೀರಲ್ಲ, ನಿಮ್ಮ ಮುದ್ದೆಯ ಗುಟ್ಟು ಅಲ್ಲೇ ಇದೆ. ಕೆಳಗಿನ ನೀರಿನ ಹಬೆ ಬದಿಯಿಂದ ಮೇಲೆ ಬಂದು ತಟ್ಟೆಗೆ ತಾಗುತ್ತದೆ, ಹನಿಯಾಗುತ್ತದೆ, ಆ ಹನಿ ಚಾಕಲೇಟಿಗೆ ಬೀಳುತ್ತದೆ. ಚಾಕಲೇಟ್ ಅಂದರೆ ಕೊಬ್ಬಿನಲ್ಲಿ ತೇಲುತ್ತಿರುವ ಸಕ್ಕರೆ ಮತ್ತು ಕೋಕೋದ ಸಣ್ಣ ಪುಡಿ, ಅದರಲ್ಲಿ ನೀರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಂದೆರಡು ಹನಿ ಬಿದ್ದರೆ ಸಕ್ಕರೆಯ ಕಣಗಳು ಒದ್ದೆಯಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಅಷ್ಟೇ, ಕಣ್ಣೆದುರಿಗೇ ಮುದ್ದೆ. ಬೆಂಕಿ ಜಾಸ್ತಿಯಾಯಿತು ಅಂತ ನೀವು ಅಂದುಕೊಂಡಿರಬಹುದು, ಆದರೆ ಬಹಳಷ್ಟು ಮನೆಗಳಲ್ಲಿ ಇದು ನೀರಿನ ಕೆಲಸ. ಒದ್ದೆ ಚಮಚ, ತೊಳೆದು ಸರಿಯಾಗಿ ಒರೆಸದ ಅಚ್ಚು, ನೀರು ಹೀರಿಕೊಂಡಿರುವ ಕಟ್ಟಿಗೆ ಸೌಟು, ಒಂದಿಷ್ಟು ನೆಕ್ಕಿ ನೋಡಿ ಅದೇ ಚಮಚ ವಾಪಸ್ ಅದ್ದುವ ಆರು ವರ್ಷದ ಮಗ, ಎಲ್ಲವೂ ಒಂದೇ ಸಾಲಿನ ಅಪರಾಧಿಗಳು.

ಮುದ್ದೆಯಾದದ್ದನ್ನು ಎಸೆಯಬೇಡಿ. ಅದು ಮತ್ತೆ ಅಚ್ಚಿಗೆ ಬರುವುದಿಲ್ಲ, ನಿಜ. ಆದರೆ ಬಿಸಿ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಕುತ್ತಾ ಹೋದರೆ, ಮೊದಲು ಇನ್ನೂ ಕೆಟ್ಟದಾಗಿ ಕಂಡು ಆಮೇಲೆ ನುಣ್ಣಗೆ ಸಾಸ್ ಆಗುತ್ತದೆ. ಎರಡು ಹನಿ ನೀರು ಕೆಡಿಸುತ್ತದೆ, ಅರ್ಧ ಬಟ್ಟಲು ಸರಿ ಮಾಡುತ್ತದೆ. ವಿಚಿತ್ರ ಅಲ್ವಾ? ಸಕ್ಕರೆ ಪೂರ್ತಿ ಕರಗುವಷ್ಟು ನೀರು ಸಿಕ್ಕರೆ ಕಣಗಳಿಗೆ ಕಚ್ಚಿಕೊಳ್ಳಲು ಏನೂ ಉಳಿಯುವುದಿಲ್ಲ. ಐಸ್‌ಕ್ರೀಮ್ ಮೇಲೆ ಸುರಿಯಿರಿ, ಹಾಲಿಗೆ ಹಾಕಿ ಕುಡಿಸಿ.

ಇನ್ನು ಎರಡನೇ ಸಲದ ಬಿಳಿ ಬೂದಿ. ಅದು ಬೂಸ್ಟು ಅಲ್ಲ, ತಿಂದವರಿಗೆ ಏನೂ ಆಗುವುದಿಲ್ಲ. ಅಸಲಿ ಚಾಕಲೇಟಿನಲ್ಲಿರುವುದು ಕೋಕೋ ಬಟರ್, ಅಂದರೆ ಕೋಕೋ ಬೀಜದ್ದೇ ಕೊಬ್ಬು. ಅದು ಗಟ್ಟಿಯಾಗುವಾಗ ಆರು ಬಗೆಯ ಹರಳು ಕಟ್ಟಬಲ್ಲದು, ಅದರಲ್ಲಿ ನಮಗೆ ಬೇಕಾದದ್ದು ಐದನೆಯದು ಮಾತ್ರ. ಹೊಳಪು, ಮುರಿದಾಗ ಟಕ್ ಅನ್ನುವ ಸದ್ದು, ಬಾಯಲ್ಲಿಟ್ಟರೆ ಕರಗಿ ಕೈಯಲ್ಲಿ ಹಿಡಿದರೆ ಸ್ವಲ್ಪ ಹೊತ್ತು ತಡೆಯುವ ಗುಣ, ಇವೆಲ್ಲ ಆ ಹರಳಿನದ್ದು. ಅಂಗಡಿಯ ಬಾರಿನಲ್ಲಿ ಕಂಪನಿಯವರು ಅದನ್ನು ಕಟ್ಟಿಸಿಯೇ ಕಳಿಸಿರುತ್ತಾರೆ. ನೀವು ಪೂರ್ತಿ ಕರಗಿಸಿದ ತಕ್ಷಣ ಎಲ್ಲ ಅಳಿಸಿಹೋಯಿತು. ಸುಮ್ನೆ ಹಾಗೇ ಆರಲು ಬಿಟ್ಟರೆ ತನಗೆ ತೋಚಿದ ಹರಳು ಕಟ್ಟಿಕೊಳ್ಳುತ್ತದೆ, ಮೆತ್ತಗಿರುತ್ತದೆ, ಕೊಬ್ಬು ಮೇಲೆ ಬಂದು ಬಿಳಿ ಪೊರೆಯಾಗುತ್ತದೆ. ಅಚ್ಚಿನಿಂದ ಬಿಡದೇ ಇದ್ದದ್ದಕ್ಕೂ ಇದೇ ಕಾರಣ. ಸರಿಯಾದ ಹರಳು ಕಟ್ಟಿದ ಚಾಕಲೇಟ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ, ಅಚ್ಚಿನ ಗೋಡೆಯಿಂದ ತಾನೇ ಬಿಟ್ಟುಕೊಳ್ಳುತ್ತದೆ. ನಿಮ್ಮದು ಕುಗ್ಗಲಿಲ್ಲ. ಅಚ್ಚಿನ ತಪ್ಪು ಏನೂ ಇಲ್ಲ, ಅದನ್ನು ಡಿಸೆಂಬರಿಗೆ ಎತ್ತಿಡಿ.

ಡಿಸೆಂಬರ್ ಅಂತ ಯಾಕೆ ಅಂದೆ ಅಂದರೆ, ವಿಜಯಪುರದಲ್ಲಿ ಈಗ ಹೊರಗೆ 40 ಡಿಗ್ರಿ, ಮಧ್ಯಾಹ್ನ ಅಡುಗೆಮನೆಯಲ್ಲೇ 35ರ ಹತ್ತಿರ ಇರುತ್ತದೆ. ಆ ಐದನೇ ಹರಳು ಕರಗುವುದು 33-34 ಡಿಗ್ರಿಗೆ. ಅಂದರೆ ಮೇಜಿನ ಮೇಲೆ ಇಟ್ಟ ಅಸಲಿ ಚಾಕಲೇಟ್ ಗಟ್ಟಿಯಾಗುವ ಮಾತೇ ಇಲ್ಲ, ನೀವು ಎಷ್ಟೇ ಶಿಸ್ತಿನಿಂದ ಮಾಡಿದರೂ ಅಷ್ಟೇ. ಆದ್ದರಿಂದ ನನ್ನ ಸಲಹೆ ಸೀದಾ ಇದೆ: ಬೇಸಿಗೆಗೆ ಕಾಂಪೌಂಡ್, ಚಳಿಗಾಲಕ್ಕೆ ಅಸಲಿ.

ಕಾಂಪೌಂಡ್ ಅಂದರೆ ಕೋಕೋ ಬಟರ್ ತೆಗೆದು ಅದರ ಜಾಗದಲ್ಲಿ ಬೇರೆ ವನಸ್ಪತಿ ಕೊಬ್ಬು ಹಾಕಿದ್ದು. ಬೇಕರಿ ಸಾಮಾನು ಮಾರುವ ಯಾವ ಅಂಗಡಿಯಲ್ಲಿ ಕೇಳಿದರೂ ಕಾಂಪೌಂಡ್ ಸ್ಲ್ಯಾಬ್ ಅಂತ ಕೊಡುತ್ತಾರೆ, ಡಾರ್ಕ್, ಮಿಲ್ಕ್, ವೈಟ್ ಮೂರೂ ಸಿಗುತ್ತವೆ. ಕರಗಿಸಿ, ಸುರಿದು, ಆರಿಸಿದರೆ ಮುಗಿಯಿತು, ಹರಳಿನ ತಲೆನೋವು ಇಲ್ಲ. ರುಚಿ ಅಸಲಿಯಷ್ಟು ಇಲ್ಲ, ಕೆಲವು ಅಗ್ಗದವು ಬಾಯಿಯ ಅಂಗಳಕ್ಕೆ ಮೇಣದ ಹಾಗೆ ಅಂಟುತ್ತವೆ ಕೂಡ. ಆದರೂ ಮಕ್ಕಳ ಜೊತೆ ಕಲಿಯಲು ಅದೇ ವಾಸಿ. ಕಾಂಪೌಂಡ್ ಬಳಸಿದರೆ ಮರ್ಯಾದೆ ಹೋಯಿತು ಅನ್ನೋ ಥರ ಮಾತಾಡುವವರಿದ್ದಾರೆ, ಅವರನ್ನು ಏಪ್ರಿಲ್ ತಿಂಗಳಲ್ಲಿ ನಿಮ್ಮ ಅಡುಗೆಮನೆಗೆ ಕರೆಯಿರಿ. ಪಾಕೀಟಿನ ಹಿಂದೆ ಓದಿ ನೋಡಿ, ಕೋಕೋ ಬಟರ್ ಅಂತಿದ್ದರೆ ಅಸಲಿ, ಹೈಡ್ರೋಜನೇಟೆಡ್ ವೆಜಿಟೇಬಲ್ ಫ್ಯಾಟ್ ಅಂತಿದ್ದರೆ ಕಾಂಪೌಂಡ್. ಮಗಳ ಕೈಗೇ ಕೊಟ್ಟು ಓದಿಸಿ. ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ರುಚಿಗೆ ಅಂತ ಅರ್ಧ ಕಾಂಪೌಂಡ್ ಅರ್ಧ ಅಂಗಡಿ ಬಾರು ಸೇರಿಸಲು ಹೋಗಬೇಡಿ. ಎರಡು ಕೊಬ್ಬಿಗೂ ಹೊಂದಾಣಿಕೆ ಇಲ್ಲ, ಮೆತ್ತಗಾಗಿ ಮತ್ತೆ ಅದೇ ಬೂದಿ.

ಅರ್ಧ ಕಿಲೋ ಸ್ಲ್ಯಾಬ್ ನಾಲ್ಕು ಮಕ್ಕಳಿಗೆ ಧಾರಾಳ. ಹತ್ತು ಗ್ರಾಂನ ಅಚ್ಚಾದರೆ ಐವತ್ತರ ಹತ್ತಿರ ಬರುತ್ತವೆ.

ಯಾವ ಹೊತ್ತಿಗೆ ಮಾಡುವುದು ಅನ್ನೋದೂ ಮುಖ್ಯ. ಬೆಳಿಗ್ಗೆ ಏಳರೊಳಗೆ ಶುರು ಮಾಡಿ, ಬಿಸಿಲು ಏರುವ ಮೊದಲೇ ಮುಗಿಯುತ್ತದೆ. ಎಸಿ ಇರುವ ಕೋಣೆ ಇದ್ದರೆ ಕರಗಿಸಿದ ಬಟ್ಟಲು ಸಮೇತ ಅಲ್ಲಿಗೇ ಹೋಗಿ, ನೆಲದ ಮೇಲೆ ಹಳೆ ಪೇಪರ್ ಹಾಸಿ ಕೂತುಬಿಡಿ. ಕೂಲರ್ ಮುಂದೆ ಮಾತ್ರ ಬೇಡ. ಕೂಲರ್ ಕೊಡುವುದು ತಂಪಿನ ಜೊತೆ ತೇವ, ಆ ತೇವ ಚಾಕಲೇಟಿನ ಮೇಲಿನ ಸಕ್ಕರೆಯನ್ನು ಕರಗಿಸುತ್ತದೆ, ಒಣಗಿದ ಮೇಲೆ ಒರಟಾದ ಬಿಳಿ ಕಲೆ ಉಳಿಯುತ್ತದೆ. ನಮ್ಮ ಬೆಳಗಾವಿಯಲ್ಲಿ ಇದೇ ಕಾಟ ಮಳೆಗಾಲದಲ್ಲಿ. ಜುಲೈ ತಿಂಗಳಲ್ಲಿ ತಂಪೇನೋ ಇರುತ್ತದೆ, ಆದರೆ ಗೋಡೆಯೂ ಬೆವರುತ್ತದೆ, ಹುರಿದ ಶೇಂಗಾ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ. ಆ ಲೆಕ್ಕಕ್ಕೆ ವಿಜಯಪುರದ ಒಣ ಹವೆ ಚಾಕಲೇಟಿಗೆ ಒಳ್ಳೆಯದೇ, ಬಿಸಿ ಒಂದು ಕಡಿಮೆ ಇದ್ದಿದ್ದರೆ! ಬಿಸಿಯಿಂದ ಒಂದು ಲಾಭವೂ ಇದೆ, ಬಟ್ಟಲಲ್ಲಿರುವ ಕಾಂಪೌಂಡ್ ಬೇಗ ಹೆಪ್ಪುಗಟ್ಟುವುದಿಲ್ಲ. ಮಕ್ಕಳು ನಿಧಾನಕ್ಕೆ, ಜಗಳ ಆಡುತ್ತಾ ಮಾಡಿದರೂ ನಡೆಯುತ್ತದೆ. ಹಾಂ, ಕರೆಂಟ್ ಇದೆಯಾ ನೋಡಿಕೊಂಡು ಶುರು ಮಾಡಿ, ಫ್ರಿಜ್ ಇಲ್ಲದೆ ಈಗ ಏನೂ ಗಟ್ಟಿಯಾಗುವುದಿಲ್ಲ.

ಕರಗಿಸುವ ಕೆಲಸ ನಿಮ್ಮದೇ, ಇದರಲ್ಲಿ ಮಕ್ಕಳಿಗೆ ಪಾಲಿಲ್ಲ. ಕರಗಿದ ಚಾಕಲೇಟ್ 45 ಡಿಗ್ರಿ ಆಸುಪಾಸು ಇರುತ್ತದೆ, ಕೈಗೆ ಬಿದ್ದರೆ ಬಿಸಿ ತಾಗುತ್ತದೆ ಅಷ್ಟೇ. ಸುಡುವುದು ಹಬೆ. ಸ್ಲ್ಯಾಬನ್ನು ಸಣ್ಣಗೆ ಹೆಚ್ಚಿಕೊಳ್ಳಿ, ದೊಡ್ಡ ತುಂಡು ಇದ್ದರೆ ಹೊರಗೆ ಕರಗಿ ಒಳಗೆ ಹಾಗೇ ಇರುತ್ತದೆ. ಒಂದು ಪಾತೇಲಿಯಲ್ಲಿ ಎರಡು ಬೆರಳು ನೀರು ಕುದಿಸಿ, ಗ್ಯಾಸ್ ಆರಿಸಿ, ಆಮೇಲೆ ಸ್ಟೀಲ್ ಬಟ್ಟಲು ಇಡಿ. ಬಟ್ಟಲಿನ ತಳ ನೀರಿಗೆ ತಾಗಬಾರದು. ಬಟ್ಟಲು ಪಾತೇಲಿಯ ಬಾಯಿಗಿಂತ ಅಗಲವಾಗಿರಲಿ, ಆಗ ಹಬೆ ಬದಿಯಿಂದ ಮೇಲೆ ಬರುವುದಿಲ್ಲ. ಮುಚ್ಚಬೇಡಿ. ಒಣ ಸಿಲಿಕಾನ್ ಸೌಟಿನಿಂದ ನಿಧಾನಕ್ಕೆ ತಿರುವುತ್ತಿರಿ, ಕೊನೆಯ ಕೆಲವು ತುಂಡು ಉಳಿದಿರುವಾಗಲೇ ಕೆಳಗಿಳಿಸಿ, ಬಟ್ಟಲಿನ ಶಾಖಕ್ಕೇ ಅವು ಕರಗುತ್ತವೆ. ಇಳಿಸಿದ ಕೂಡಲೇ ತಳವನ್ನು ಬಟ್ಟೆಯಿಂದ ಒರೆಸಿ. ಇದನ್ನು ಮರೆಯುವವರೇ ಜಾಸ್ತಿ. ಸುರಿಯುವಾಗ ತಳದ ನೀರು ಅಂಚಿನಿಂದ ಹರಿದು ಸೀದಾ ಅಚ್ಚಿಗೆ ಬೀಳುತ್ತದೆ. ಮೈಕ್ರೋವೇವ್ ಇದ್ದರೆ ಈ ಗೊಡವೆಯೇ ಇಲ್ಲ, ಅರ್ಧ ಪವರ್‌ನಲ್ಲಿ 30 ಸೆಕೆಂಡ್ ಇಡಿ, ತೆಗೆದು ಕಲಕಿ, ಮತ್ತೆ 30 ಸೆಕೆಂಡ್. ಬಿಳಿ ಚಾಕಲೇಟ್ ಎಲ್ಲಕ್ಕಿಂತ ಬೇಗ ಸೀದುಹೋಗುತ್ತದೆ, ಅದರ ಮೇಲೆ ಕಣ್ಣಿರಲಿ.

ಮಕ್ಕಳ ಕೆಲಸ ಹಂಚುವ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಚಾಕಲೇಟಿಗಿಂತ ಇಲ್ಲೇ ಜಾಸ್ತಿ ಕೆಡುವುದು. ನಾಲ್ಕು ಮಕ್ಕಳನ್ನು ಒಂದೇ ಬಟ್ಟಲಿನ ಸುತ್ತ ಕೂರಿಸಬೇಡಿ. ಆರು ವರ್ಷದವನಿಗೆ ಹಿಂದಿನ ದಿನದಿಂದಲೇ ಕೆಲಸ ಇದೆ. ಅಚ್ಚುಗಳನ್ನು ಹತ್ತಿಯಿಂದ ಒರೆಸುವುದು, ಹುರಿದ ಶೇಂಗಾದ ಸಿಪ್ಪೆ ಉಜ್ಜಿ ಊದುವುದು, ಒಣದ್ರಾಕ್ಷಿಯ ತೊಟ್ಟು ಕೀಳುವುದು. ಚಾಕಲೇಟ್ ಕರಗಿದ ಮೇಲೆ ಅವನಿಗೆ ಗೊಂಚಲು ಮಾಡಲು ಕೊಡಿ. ಮಕ್ಕಳಿಗೆ ಎಲ್ಲಕ್ಕಿಂತ ಮೊದಲು ಇದನ್ನೇ ಮಾಡಿಸಬೇಕು ಅನ್ನುವುದು ನನ್ನ ಅಭಿಪ್ರಾಯ, ಅಚ್ಚು ಆಮೇಲೆ. ಎರಡು ಮುಷ್ಟಿ ಚುರುಮುರಿಯನ್ನು ಒಣ ಬಾಣಲೆಯಲ್ಲಿ ಗರಿಗರಿ ಆಗುವ ಹಾಗೆ ಬೆಚ್ಚಗೆ ಮಾಡಿ, ಪೂರ್ತಿ ಆರಿಸಿ, ಒಂದು ಮುಷ್ಟಿ ಒಡೆದ ಶೇಂಗಾ ಸೇರಿಸಿ, ಮೇಲೆ ಕಾಂಪೌಂಡ್ ಸುರಿದು ಕಲಸಿ. ಎರಡು ಚಮಚಗಳಿಂದ ಬಟರ್ ಪೇಪರ್ ಮೇಲೆ ಗುಪ್ಪೆ ಗುಪ್ಪೆಯಾಗಿ ಹಾಕಿದರೆ ಆಯಿತು. ಯಾವ ಆಕಾರ ಬಂದರೂ ಸರಿಯೇ, ತಪ್ಪಾಯಿತು ಅನ್ನುವ ಹಾಗೇ ಇಲ್ಲ. ಬಾಯಿಗೆ ಹಾಕಿದರೆ ಕರುಂ ಅನ್ನುತ್ತದೆ, ಅಂಗಡಿಯ ಎಷ್ಟೋ ಬಾರುಗಳಿಗಿಂತ ಚೆನ್ನ.

ಒಬ್ಬೊಬ್ಬರಿಗೂ ಒಂದೊಂದು ಸಣ್ಣ ಸ್ಟೀಲ್ ಬಟ್ಟಲು, ಒಂದೊಂದು ತಾಟು, ಒಂದು ಒಣ ಬಟ್ಟೆ ಕೊಟ್ಟುಬಿಡಿ. ನೆಕ್ಕಲು ಬೇರೆ ಚಮಚ ಇರಲಿ, ಅದು ಮತ್ತೆ ಬಟ್ಟಲಿಗೆ ಹೋಗಬಾರದು ಅನ್ನುವ ಒಂದೇ ಒಂದು ಕಾಯಿದೆ ಸಾಕು. ನೆಕ್ಕಲೇಬೇಡ ಅಂದರೆ ಯಾರು ಕೇಳುತ್ತಾರೆ?

ಅಚ್ಚಿಗೆ ಬರೋಣ. ಮಕ್ಕಳಿಗೆ ಮೆತ್ತನೆಯ ಸಿಲಿಕಾನ್ ಅಚ್ಚು ತನ್ನಿ, ಹಿಂದಿನಿಂದ ಒತ್ತಿದರೆ ಪುಟ್ಟಂತ ಹೊರಗೆ ಬರುತ್ತದೆ. ಅಡಿಗೆ ಒಂದು ಗಟ್ಟಿ ಟ್ರೇ ಇರಲಿ, ಇಲ್ಲದಿದ್ದರೆ ಎತ್ತುವಾಗ ಬಳುಕಿ ಎಲ್ಲ ಚೆಲ್ಲುತ್ತದೆ. ತುಂಬಿಸಲು ಚಮಚಕ್ಕಿಂತ ಕೋನ್ ಸುಲಭ, ಮೆಹಂದಿ ಹಾಕಿದ ಹಾಗೆ ಒತ್ತುತ್ತಾ ಹೋಗುವುದು, ನಿಮ್ಮ ಮಗಳಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ದಪ್ಪ ಪ್ಲಾಸ್ಟಿಕ್ ಚೀಲದ ಮೂಲೆ ಸ್ವಲ್ಪ ಕತ್ತರಿಸಿದರೂ ನಡೆಯುತ್ತದೆ. ಅರ್ಧ ತುಂಬಿಸಿ ಒಮ್ಮೆ ತಟ್ಟಿ, ಪೂರ್ತಿ ತುಂಬಿಸಿ ಇನ್ನೊಮ್ಮೆ ತಟ್ಟಿ. ಟ್ರೇಯನ್ನು ಮೇಜಿನ ಮೇಲೆ ಟಕಟಕ ಅಂತ ಕುಟ್ಟುವಾಗ ಸಣ್ಣ ಗುಳ್ಳೆಗಳು ಮೇಲೆ ಬಂದು ಒಡೆಯುವುದು ಕಾಣುತ್ತದೆ. ಗುಳ್ಳೆ ಉಳಿದರೆ ಗಣಪತಿ ಅಚ್ಚಿನಲ್ಲಿ ಸೊಂಡಿಲೇ ಇರುವುದಿಲ್ಲ. ಆಮೇಲೆ ಒಂದು ಚಪ್ಪಟೆ ಚಾಕುವಿನಿಂದ ಮೇಲೆ ಕೆರೆದು ಸಮ ಮಾಡಿ, ಫ್ರಿಜ್‌ನಲ್ಲಿ 15 ನಿಮಿಷ. ಬಿಟ್ಟಿದೆಯೋ ಇಲ್ಲವೋ ತಿಳಿಯಲು ಪಾರದರ್ಶಕವಾದ ಗಟ್ಟಿ ಅಚ್ಚಿನಲ್ಲಿ ಒಂದು ಸುಲಭ ಗುರುತಿದೆ. ಅಡಿಯಿಂದ ನೋಡಿ. ಒದ್ದೆಯಾದ ಹಾಗೆ ಕಪ್ಪಗೆ ಹೊಳೆಯುತ್ತಿದ್ದರೆ ಇನ್ನೂ ಅಂಟಿಕೊಂಡಿದೆ, ಮಂಜು ಕವಿದ ಹಾಗೆ ಮಸುಕಾದರೆ ಬಿಟ್ಟಿದೆ. ಬಟ್ಟೆಯ ಮೇಲೆ ಬೋರಲು ಹಾಕಿ ಒಮ್ಮೆ ತಟ್ಟಿದರೆ ಬೀಳುತ್ತವೆ. ಮಸುಕಾಗುವ ಮೊದಲೇ ಚಾಕು ಹಾಕಬೇಡಿ, ಅಚ್ಚಿಗೆ ಗೀರು ಬಿದ್ದರೆ ಮುಂದಿನ ಎಲ್ಲ ಚಾಕಲೇಟಿನ ಮೇಲೂ ಅದೇ ಗೀರು.

ಇಷ್ಟರಲ್ಲಿ ಮನೆಯ ಹಿರಿಯರು ಯಾರಾದರೂ ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ಅಚ್ಚುಗಳನ್ನು ಕಪಾಟಿನಿಂದ ತೆಗೆದುಕೊಡುತ್ತಾರೆ ನೋಡಿ. ಆನೆ, ಒಂಟೆ, ತೇರು, ಏನು ಚೆಂದ! ಆದರೆ ಬೇಡ. ಆ ಕಟ್ಟಿಗೆ ಅಚ್ಚನ್ನು ನೀರಲ್ಲಿ ನೆನೆಸಿಯೇ ಬಿಸಿ ಸಕ್ಕರೆ ಪಾಕ ಹೊಯ್ಯುವುದು, ಕಟ್ಟಿಗೆ ಕುಡಿದ ನೀರಿನಿಂದಲೇ ಸಕ್ಕರೆ ಅಂಟದೆ ಬಿಡುತ್ತದೆ. ಅದೇ ನೀರು ಚಾಕಲೇಟಿಗೆ ವೈರಿ. ಒಣ ಅಚ್ಚಿಗೇ ಹೊಯ್ಯೋಣ ಅಂದರೆ ಕಟ್ಟಿಗೆಯ ಎಳೆಯೊಳಗೆ ಕೊಬ್ಬು ಇಳಿದು ಕೂರುತ್ತದೆ, ಚಾಕಲೇಟೂ ಬರುವುದಿಲ್ಲ, ಕಾರ್ತಿಕದಲ್ಲಿ ಸಕ್ಕರೆ ಆರತಿಗೂ ಅಚ್ಚು ಉಳಿಯುವುದಿಲ್ಲ.

ಅದ್ದುವ ವಿಷಯ. ಬಟ್ಟಲು ಅಗಲಕ್ಕಿಂತ ಆಳ ಇರಲಿ, ಸಣ್ಣ ಸ್ಟೀಲ್ ಲೋಟವಾದರೆ ಕಡಿಮೆ ಚಾಕಲೇಟಿನಲ್ಲೇ ಪೂರ್ತಿ ಮುಳುಗುತ್ತದೆ. ಅದ್ದುವ ಫೋರ್ಕ್ ಅಂತ ಬೇರೆ ಕೊಳ್ಳಬೇಕಿಲ್ಲ, ಪ್ಲಾಸ್ಟಿಕ್ ಫೋರ್ಕಿನ ನಡುವಿನ ಎರಡು ಹಲ್ಲು ಮುರಿದರೆ ಅದೇ ಆಯಿತು. ತುಂಡನ್ನು ಹಾಕಿ, ಫೋರ್ಕಿನಿಂದ ಮುಳುಗಿಸಿ, ಎತ್ತಿ, ಲೋಟದ ಅಂಚಿಗೆ ಮೂರ್ನಾಲ್ಕು ಸಲ ತಟ್ಟಿ. ಹೆಚ್ಚಿನದು ಇಳಿಯುತ್ತದೆ. ಆಮೇಲೆ ಅಡಿಯನ್ನು ಅಂಚಿಗೆ ಒಮ್ಮೆ ಸವರಿ ಬಟರ್ ಪೇಪರ್ ಮೇಲೆ ಜಾರಿಸಿ. ಈ ಸವರುವುದನ್ನು ಬಿಟ್ಟರೆ ಸುತ್ತ ಚಾಕಲೇಟ್ ಹರಿದು ಒಂದು ಅಗಲ ಪಾದ ಮೂಡುತ್ತದೆ. ಮಕ್ಕಳಿಗೆ ಆ ಪಾದವೇ ಇಷ್ಟ, ಮುರಿದು ತಿನ್ನಲು ಅಂತ ಬೇಕೆಂದೇ ಬಿಡುತ್ತಾರೆ. ಬಿಡಲಿ.

ಅದ್ದುವ ವಸ್ತು ಫ್ರಿಜ್‌ನಿಂದ ಆಗತಾನೇ ತೆಗೆದದ್ದಾಗಿರಬಾರದು. ತಣ್ಣಗಿರುವುದು ಕೋಣೆಯ ಬಿಸಿಗೆ ಬರುತ್ತಾ ಸ್ವಲ್ಪ ಹಿಗ್ಗುತ್ತದೆ, ಮೇಲಿನ ಹೊದಿಕೆ ಬಿರುಕು ಬಿಡುತ್ತದೆ. ಜೊತೆಗೆ ಮೇಲೆ ಬೆವರು ಬಂದಿರುತ್ತದೆ, ಬೆವರು ಅಂದರೆ ನೀರು, ಮುಂದಿನದು ನಿಮಗೆ ಗೊತ್ತು. ಚಾಕಲೇಟ್ ಗಟ್ಟಿ ಅನ್ನಿಸಿದರೆ ಹಾಲು ಹಾಕಿ ತೆಳ್ಳಗೆ ಮಾಡಬೇಡಿ, ಕಾಲು ಕಿಲೋಗೆ ಒಂದು ಚಹಾ ಚಮಚ ಕೊಬ್ಬರಿ ಎಣ್ಣೆ ಹಾಕಿ. ಅದಕ್ಕಿಂತ ಜಾಸ್ತಿ ಹಾಕಿದರೆ ಈ ಬಿಸಿಲಲ್ಲಿ ಹೊದಿಕೆ ನಿಲ್ಲುವುದಿಲ್ಲ.

ಏನೇನು ಅದ್ದಬಹುದು ಅಂದರೆ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ನಮ್ಮ ಮೂರು ಜಿಲ್ಲೆಯವರು ಈ ವಿಷಯದಲ್ಲಿ ಪುಣ್ಯವಂತರು. ಒಣದ್ರಾಕ್ಷಿ ನಿಮ್ಮೂರಿನದೇ. ತೊಳೆಯುವುದಾದರೆ ಹಿಂದಿನ ದಿನವೇ ತೊಳೆದು, ಬಟ್ಟೆಯಲ್ಲಿ ಒತ್ತಿ, ರಾತ್ರಿಯೆಲ್ಲ ಫ್ಯಾನಿನ ಕೆಳಗೆ ಹರಡಿ. ಒಂದೊಂದೇ ಅದ್ದುತ್ತಾ ಕೂರಬೇಡಿ, ತಾಳ್ಮೆ ಕೆಡುತ್ತದೆ, ಐದಾರು ಸೇರಿಸಿ ಗೊಂಚಲು ಮಾಡಿ. ಡಾರ್ಕ್ ಕಾಂಪೌಂಡಿಗೆ ಅದರ ಹುಳಿ-ಸಿಹಿ ಬಲು ಚೆನ್ನಾಗಿ ಹೊಂದುತ್ತದೆ. ಇನ್ನು ಕರದಂಟು, ಗೋಕಾಕದ್ದಾಗಲಿ ಅಮೀನಗಡದ್ದಾಗಲಿ. ಬೆಲ್ಲದ ಪಾಕ, ಕರಿದ ಅಂಟು, ಕೊಬ್ಬರಿ, ಗೋಡಂಬಿ, ಒಳಗೆ ನೀರಿನ ಅಂಶ ಕಡಿಮೆ, ಹಾಗಾಗಿ ಅದ್ದಲು ಹೇಳಿ ಮಾಡಿಸಿದ್ದು. ಒಂದು ಇಂಚಿನ ಚೌಕ ಕತ್ತರಿಸಿ ಅರ್ಧ ಮಾತ್ರ ಅದ್ದಿ, ಉಳಿದರ್ಧ ಕಾಣಲಿ. ಇದಕ್ಕೆ ಡಾರ್ಕ್ ಮಾತ್ರ, ಮಿಲ್ಕ್ ಹಾಕಿದರೆ ಸಿಹಿಯ ಮೇಲೆ ಸಿಹಿಯಾಗಿ ಮುಖ ಹೊಡೆಯುತ್ತದೆ. ಬಿಸ್ಕೀಟು ಸುಲಭ, ಹೇಳುವಂಥದ್ದೇನೂ ಇಲ್ಲ. ಬೀಜ ತೆಗೆದ ಖರ್ಜೂರದೊಳಗೆ ಬಾದಾಮಿ ಇಟ್ಟು ಅದ್ದಿದರೆ ದೊಡ್ಡವರಿಗೂ ಹಿಡಿಸುತ್ತದೆ.

ಕುಂದಾ ತುಂಬಬಹುದಾ ಅಂತ ಬೆಳಗಾವಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ತುಂಬಬಹುದು, ರುಚಿಯೂ ಹೌದು. ಆದರೆ ಅದು ಹಾಲಿನದು, ಒಳಗೆ ತೇವ ಇದೆ. ಫ್ರಿಜ್‌ನಲ್ಲಿಟ್ಟು ಎರಡು ದಿನದಲ್ಲಿ ಖಾಲಿ ಮಾಡಬೇಕು. ಹೀಗೆ ಒಳಗೆ ತುಂಬುವುದಕ್ಕೆ ಮೊದಲು ಚಾಕಲೇಟಿನದೇ ಚಿಪ್ಪು ಬೇಕು. ಅಚ್ಚು ಪೂರ್ತಿ ತುಂಬಿಸಿ, ಒಂದು ನಿಮಿಷ ಬಿಟ್ಟು ಬಟ್ಟಲಿಗೆ ಬೋರಲು ಹಾಕಿ, ಒಳಗಿನದು ಹರಿದು ಗೋಡೆಗೆ ಅಂಟಿದ್ದಷ್ಟೇ ಉಳಿಯುತ್ತದೆ. ಅದನ್ನು ಗಟ್ಟಿ ಮಾಡಿ, ಮುಕ್ಕಾಲು ಭಾಗ ಹೂರಣ ತುಂಬಿ, ಮೇಲೆ ಚಾಕಲೇಟಿನಿಂದ ಮುಚ್ಚಿ. ಗಟ್ಟಿ ಚಿಪ್ಪಿನೊಳಗೆ ಮೆತ್ತನೆ ಹೂರಣ ಅನ್ನುವ ಈ ಬಗೆಯನ್ನು 1912ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ನ್ಯೂಹಾಸ್ ಅನ್ನುವವರು ಶುರು ಮಾಡಿದರು, ಪ್ರಲೀನ್ ಅಂತ ಹೆಸರು. ನಿಮ್ಮ ಹತ್ತು ವರ್ಷದವಳಿಗೆ ಇದು ಸರಿಯಾದ ಸವಾಲು, ಆರು ವರ್ಷದವನಿಗೆ ಬೇಡ. ಗೋಡೆ ತೆಳ್ಳಗಾದರೆ ತೆಗೆಯುವಾಗ ಒಡೆಯುತ್ತದೆ, ಅವನು ಅಳುತ್ತಾನೆ.

ಬಣ್ಣ ಹಾಕುವ ಆಸೆ ಇದ್ದರೆ ಬಿಳಿ ಕಾಂಪೌಂಡಿಗೆ ಹಾಕಿ, ಆದರೆ ಕೇಸರಿಬಾತಿಗೆ ಬಳಸುವ ನೀರು ಬಣ್ಣ ಅಲ್ಲ. ಎಣ್ಣೆಯಲ್ಲಿ ಬೆರೆಯುವ ಚಾಕಲೇಟ್ ಬಣ್ಣ ಅಂತ ಬೇರೆ ಸಿಗುತ್ತದೆ. ಎಸೆನ್ಸಿಗೂ ಇದೇ ಮಾತು. ಅದೆಲ್ಲ ಯಾಕೆ, ಏಲಕ್ಕಿ ಪುಡಿ, ಒಣಶುಂಠಿ ಪುಡಿ ಒಣಗಿರುತ್ತವೆ, ನಿಶ್ಚಿಂತೆಯಿಂದ ಹಾಕಬಹುದು. ಡಾರ್ಕ್‌ಗೆ ಚಿಟಿಕೆ ಉಪ್ಪು ಹಾಕಿ ನೋಡಿ.

ಚಳಿಗಾಲದಲ್ಲಿ ಅಸಲಿ ಚಾಕಲೇಟ್ ಹಿಡಿಯುವಾಗ ಮಗಳಿಗೆ ಒಂದು ಅಡುಗೆ ಥರ್ಮಾಮೀಟರ್ ಕೊಡಿಸಿ. ಡಿಸೆಂಬರಿನ ಬೆಳಗಿನ ಹೊತ್ತು ನಿಮ್ಮೂರಿನ ಕೋಣೆಯೂ 22-23 ಡಿಗ್ರಿಗೆ ಬರುತ್ತದೆ, ಅದೇ ಸರಿಯಾದ ಹದ. ಡಾರ್ಕ್ ಚಾಕಲೇಟ್ 300 ಗ್ರಾಂ ತಗೊಂಡರೆ 200 ಗ್ರಾಂ ಮಾತ್ರ 45-48 ಡಿಗ್ರಿವರೆಗೆ ಕರಗಿಸಿ. ಉಳಿದ 100 ಗ್ರಾಂ ಸಣ್ಣಗೆ ಹೆಚ್ಚಿದ್ದನ್ನು ಸ್ವಲ್ಪ ಸ್ವಲ್ಪ ಹಾಕುತ್ತಾ ಕಲಕಿ. ಕರಗದ ಆ ಚೂರುಗಳಲ್ಲಿ ಕಂಪನಿಯವರು ಕಟ್ಟಿಸಿದ ಒಳ್ಳೆಯ ಹರಳು ಇನ್ನೂ ಇರುತ್ತದೆ, ಹಾಲಿಗೆ ಬಿದ್ದ ಹೆಪ್ಪು ಮಾಡುವ ಕೆಲಸವನ್ನೇ ಅದು ಇಲ್ಲಿ ಮಾಡುತ್ತದೆ. 31-32 ಡಿಗ್ರಿಗೆ ಇಳಿದಾಗ ತಯಾರು. ಮಿಲ್ಕ್ ಚಾಕಲೇಟಿಗೆ 29-30, ಬಿಳಿಗೆ 28-29. ಥರ್ಮಾಮೀಟರ್ ಇಲ್ಲದಿದ್ದರೆ ಒಣ ಚಮಚದ ತುದಿಯಿಂದ ಒಂದು ಹನಿ ಕೆಳತುಟಿಗೆ ಹಚ್ಚಿ, ಬೆಚ್ಚಗಲ್ಲ, ಚೂರು ತಣ್ಣಗೆ ಅನ್ನಿಸಬೇಕು. ಆ ಚಮಚ ಮತ್ತೆ ಬಟ್ಟಲಿಗೆ ಹೋಗಬಾರದು, ಅದೇ ಕಾಯಿದೆ. ಕೊನೆಗೆ ಸ್ಟೀಲ್ ಚಮಚದ ಬೆನ್ನಿಗೆ ಸವರಿ ಐದು ನಿಮಿಷ ಬಿಡಿ, ಹೊಳೆಯುತ್ತಾ ಗಟ್ಟಿಯಾದರೆ ಸುರಿಯಬಹುದು, ಗೆರೆಗೆರೆಯಾಗಿ ಅಂಟುತ್ತಿದ್ದರೆ ಇನ್ನಷ್ಟು ಚೂರು ಹಾಕಿ ಕಲಕಿ. ಆಗ ನಿಮ್ಮ ಆ ಗಟ್ಟಿ ಅಚ್ಚು ತನ್ನ ಬೆಲೆ ತೋರಿಸುತ್ತದೆ, ಸಿಲಿಕಾನಿನಲ್ಲಿ ಆ ಹೊಳಪು ಬರುವುದೇ ಇಲ್ಲ.

ಚಾಕಲೇಟ್ ಎಲ್ಲಿ ಬೆಳೆಯುತ್ತದೆ ಅಂತ ಮಕ್ಕಳು ಕೇಳಿದರೆ ಆಫ್ರಿಕಾದವರೆಗೆ ಹೋಗುವುದೇ ಬೇಡ. ದಕ್ಷಿಣ ಕನ್ನಡದಲ್ಲಿ ಅಡಿಕೆ ತೋಟದ ನೆರಳಲ್ಲಿ ಕೋಕೋ ಬೆಳೆಯುತ್ತಾರೆ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ 1986ರಿಂದ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ನಡೆಸುತ್ತಿದೆ. ಕಾಯಿ ಒಡೆದರೆ ಒಳಗೆ ಬಿಳಿ ಲೋಳೆ ಸುತ್ತಿಕೊಂಡ ಬೀಜ, ಅದನ್ನು ಕೆಲವು ದಿನ ಹುಳಿ ಬರಿಸಿ, ಒಣಗಿಸಿ, ಹುರಿದ ಮೇಲೆಯೇ ನಮಗೆ ಗೊತ್ತಿರುವ ವಾಸನೆ.

ಮೂರು ಎಚ್ಚರಿಕೆ. ನಾದಿನಿಯ ಮಕ್ಕಳಿಗೆ ಶೇಂಗಾ, ಗೋಡಂಬಿ ಅಲರ್ಜಿ ಇದೆಯಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಐದು ವರ್ಷದೊಳಗಿನ ಮಕ್ಕಳು ಯಾರಾದರೂ ಬಂದರೆ ಇಡೀ ಶೇಂಗಾ, ಇಡೀ ಬಾದಾಮಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಪುಡಿ ಮಾಡಿ ಹಾಕಿ. ಮನೆಯಲ್ಲಿ ಮುಧೋಳ ನಾಯಿಯೋ ಬೀದಿಯಿಂದ ತಂದು ಸಾಕಿದ್ದೋ ಇದ್ದರೆ ಬಟ್ಟಲು ನೆಕ್ಕಲು ಬಿಡಬಾರದು. ಚಾಕಲೇಟಿನಲ್ಲಿರುವ ಥಿಯೋಬ್ರೋಮಿನ್ ನಾಯಿಗಳಿಗೆ ವಿಷ, ಡಾರ್ಕ್ ಆದಷ್ಟೂ ಜಾಸ್ತಿ.

ಈಗ ಬಾಗಲಕೋಟೆಯ ಅವ್ವನಿಗೆ ಕಳಿಸುವುದು. ಕಳಿಸಬಹುದು, ಆದರೆ ಕುಂದಾ ತುಂಬಿದ್ದು, ಕ್ರೀಮ್ ಹಾಕಿದ್ದು ಬೇಡ. ಶೇಂಗಾ ಗೊಂಚಲು, ಕರದಂಟು, ಬರೀ ಅಚ್ಚಿನವು, ಇಷ್ಟು ಸಾಕು. ಗಾಳಿಯಾಡದ ಡಬ್ಬಿಯಲ್ಲಿ ಬಟರ್ ಪೇಪರ್ ಹಾಸುತ್ತಾ ಜೋಡಿಸಿ ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಡಿ. ಐಸ್‌ಕ್ರೀಮ್ ಅಂಗಡಿಯಲ್ಲಿ ಕೇಳಿದರೆ ಥರ್ಮಾಕೋಲ್ ಪೆಟ್ಟಿಗೆ ಸಿಗುತ್ತದೆ. ಅದರಲ್ಲಿ ಒಂದು ಬಾಟಲಿ ನೀರನ್ನು ಐಸ್ ಮಾಡಿ ದಪ್ಪ ಟವೆಲ್‌ನಲ್ಲಿ ಸುತ್ತಿ ಇಟ್ಟು, ಪಕ್ಕದಲ್ಲಿ ಡಬ್ಬಿ ಇಟ್ಟು ಟೇಪ್ ಹಚ್ಚಿ. ಬೆಳಗಿನ ಮೊದಲ ಬಸ್ಸಿಗೇ ಕಳಿಸಿ, ಬಿಸಿಲು ಏರುವ ಮುಂಚೆ ತಲುಪುತ್ತದೆ. ಡ್ರೈವರ್ ಪಕ್ಕದ ಇಂಜಿನ್ ಮೇಲೆ ಇಡದ ಹಾಗೆ ತಗೊಂಡು ಹೋಗುವವರಿಗೆ ಹೇಳಿ. ಅವ್ವನಿಗೂ ಒಂದು ಫೋನ್ ಮಾಡಿ, ಪೆಟ್ಟಿಗೆ ಬಂದ ಕೂಡಲೇ ಒಳಗಿನ ಡಬ್ಬಿ ಬಿಚ್ಚಬಾರದು. ತಣ್ಣನೆ ಚಾಕಲೇಟಿಗೆ ಬಿಸಿ ಗಾಳಿ ತಾಗಿದರೆ ಮೇಲೆಲ್ಲ ಬೆವರುತ್ತದೆ. ಮುಚ್ಚಿದ ಡಬ್ಬಿಯನ್ನು ಅರ್ಧ ಗಂಟೆ ಮನೆಯ ತಂಪಾದ ಮೂಲೆಯಲ್ಲಿಟ್ಟು ಆಮೇಲೆ ತೆಗೆಯಲಿ. ಉಳಿದರೆ ಅದೇ ಡಬ್ಬಿ ಫ್ರಿಜ್‌ಗೆ, ಬೆಳ್ಳುಳ್ಳಿ ಚಟ್ನಿಯಿಂದ ದೂರ. ಚಾಕಲೇಟಿನ ಕೊಬ್ಬು ಯಾವ ವಾಸನೆಯನ್ನಾದರೂ ಎಳೆದುಕೊಳ್ಳುತ್ತದೆ.